ಗೃಹವಿಚಾರ: ದಂಡಿನ ಓಟವೂ ಮುತ್ತತ್ತಿಯ ಮಡುವೂ

ಮಳವಳ್ಳಿ ತಾಲ್ಲೂಕಿನ ಹಲಗೂರನ್ನು ದಾಟಿ ಕಾಡಿನೊಳಗೆ ಇಳಿದು ಹೋದರೆ ಕಾವೇರಿಯ ತೀರದಲ್ಲಿ ಮುತ್ತತ್ತಿ ಸಿಕ್ಕುವುದು. ಸೀತಾದೇವಿಯ ಮೂಗುತಿಯು ಇಲ್ಲಿಯ ಹೊಳೆಯ ಪಾಲಾಯಿತೆಂದೂ, ಆಂಜನೇಯನು ಬಾಲದಿಂದ ಮಡುವನ್ನು ಕಲಕಿ ಆ ಮುತ್ತನ್ನು ಎತ್ತಿಕೊಟ್ಟನೆಂದೂ, ಅದರಿಂದಲೇ ಅವನಿಗೆ ಮುತ್ತೆತ್ತಿರಾಯನೆಂಬ ಹೆಸರು ಬಂದಿತೆಂದೂ ಸ್ಥಳದವರು ಹೇಳುವರು. ನಟಸಾರ್ವಭೌಮ ರಾಜಕುಮಾರರಿಗೆ ಅವರ ತಂದೆತಾಯಿಗಳು ಇಟ್ಟ ಮುತ್ತುರಾಜ ಎಂಬ ಹೆಸರು ಈ ಸ್ವಾಮಿಯದೇ. ಆಂಜನೇಯನೆಂದರೆ ಗರಡಿಯ ದೇವರು. ಆದುದರಿಂದ ದಂಡಿಗೆ ಸೇರಬೇಕೆಂದು ಮೈಪಳಗಿಸುತ್ತಿರುವ ಹುಡುಗರು ಮೊದಲು ಅಲ್ಲಿಗೆ ಹೋಗಿ ಕೈಮುಗಿಯುವುದು ಸಹಜವೇ ಆಗಿದೆ. ಕೈಮುಗಿದ ಮೇಲೆ ಅವರು ಏನು ಮಾಡುವರೆಂಬುದೇ ಈ ತಿಂಗಳ ನಮ್ಮ ವಿಚಾರ.

ಆ ಕಡೆಯ ಗೃಹಸ್ಥರೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಹೀಗಿದೆ. ಅವರ ಮಗನಿಗೆ ಹತ್ತೊಂಬತ್ತು ವರ್ಷ. ಸೈನ್ಯದ ದೇಹದಾರ್ಢ್ಯ ಪರೀಕ್ಷೆಗೆಂದು ದಿನವೂ ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ಓಡುತ್ತಾನೆ. ಭಾನುವಾರ ಗೆಳೆಯರೊಡನೆ ಮುತ್ತತ್ತಿಗೆ ಹೋಗಿ, ಮರಳಿನಲ್ಲಿ ಓಡಿ, ಉಸಿರು ಬಲಿಯಲೆಂದು ಹೊಳೆಯಲ್ಲಿ ಸೆಳವಿಗೆದುರಾಗಿ ಈಜುತ್ತಾನೆ. ಅವನು ಮನೆಗೆ ಹಿಂದಿರುಗುವವರೆಗೆ ತಾಯಿ ತುತ್ತು ಮುಟ್ಟುವುದಿಲ್ಲ. "ತಡೆದರೆ ಅವನ ಬಾಳಿಗೆ ಕಲ್ಲು ಹಾಕಿದಂತೆ, ಬಿಟ್ಟರೆ ನಮ್ಮ ಎದೆಗೆ ಕಲ್ಲು ಹೊತ್ತಂತೆ. ಏನು ಮಾಡೋಣ?" ಎಂದು ಆ ಮಹನೀಯರು ಕೇಳಿದರು.

ಓಟವನ್ನು ತಡೆಯಬೇಡಿರಿ, ಹೊಳೆಯನ್ನು ತಡೆಯಿರಿ ಎಂಬುದೇ ನಮ್ಮ ಉತ್ತರ. ಕಾರಣಗಳನ್ನು ಒಂದೊಂದಾಗಿ ಹೇಳುವೆವು.

ದಂಡಿನ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕುದುರೆಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಈಗ ಸಿಪಾಯಿಗಳ ನೇಮಕವು 2022ರಲ್ಲಿ ಹೊರಟ ಅಗ್ನಿಪಥ ಯೋಜನೆಯಂತೆ ನಡೆಯುತ್ತಿದೆ. 2023ರಿಂದ ಮೊದಲು ಗಣಕಯಂತ್ರದ ಮುಂದೆ ಕುಳಿತು ಬರೆಯುವ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಮಾತ್ರ ಮೈದಾನದ ಪರೀಕ್ಷೆ, ಕೊನೆಯಲ್ಲಿ ವೈದ್ಯರ ತಪಾಸಣೆ ಎಂದು ಕ್ರಮವನ್ನಿಟ್ಟಿದ್ದಾರೆ. ಕಾಲಿನ ಬಲವೊಂದನ್ನೇ ನೆಚ್ಚಿ ಪುಸ್ತಕವನ್ನು ಮೂಲೆಗಿಟ್ಟ ಹುಡುಗನು ಮೈದಾನವನ್ನು ಕಾಣುವ ಮೊದಲೇ ಸೋತಂತಾಗುವುದು.

ಮೈದಾನದಲ್ಲಿ ಕೇಳುವುದು ನಾಲ್ಕು ಸಂಗತಿಗಳನ್ನು. 1.6 ಕಿಲೋಮೀಟರ್ ಓಟ, ಅಂದರೆ ಹಿಂದಿನವರ ಲೆಕ್ಕದ ಒಂದು ಮೈಲಿ. ಅಡ್ಡಕಂಬಿಯನ್ನು ಹಿಡಿದು ಗದ್ದ ಕಂಬಿಯ ಮೇಲೆ ಬರುವಂತೆ ಮೈಯೆತ್ತುವುದು. ಒಂಬತ್ತು ಅಡಿಯ ಹಳ್ಳವನ್ನು ಹಾರುವುದು. ಅಂಕುಡೊಂಕಾದ ಕಿರಿದಾದ ತೊಲೆಯ ಮೇಲೆ ಬೀಳದಂತೆ ನಡೆಯುವುದು. ಕಡೆಯ ಎರಡರಲ್ಲಿ ತೇರ್ಗಡೆಯಾದರೆ ಸಾಕು, ಅಂಕಗಳಿಲ್ಲ. ರೂಢಿಯಲ್ಲಿ ಬಂದ ಲೆಕ್ಕದಂತೆ 5 ನಿಮಿಷ 30 ಸೆಕೆಂಡಿನೊಳಗೆ ಓಟವನ್ನು ಮುಗಿಸಿದವನಿಗೆ ಪೂರ್ತಿ 60 ಅಂಕ. ಅಲ್ಲಿಂದ 5 ನಿಮಿಷ 45 ಸೆಕೆಂಡಿನವರೆಗೆ 48. ಹತ್ತು ಸಲ ಮೈಯೆತ್ತಿದವನಿಗೆ 40 ಅಂಕ, ಆರು ಸಲ ಎತ್ತಿದವನಿಗೆ 16. ವಯಸ್ಸು, ಕಾಲಮಿತಿ ಮೊದಲಾದುವು ಆಗಾಗ ಬದಲಾಗುವುದುಂಟಾದುದರಿಂದ ಆಯಾ ವರ್ಷದ ಪ್ರಕಟಣೆಯನ್ನು ತಂದೆಯೇ ಒಮ್ಮೆ ಓದುವುದು ಮೇಲು.

ಈ ನಾಲ್ಕರಲ್ಲಿ ಈಜು ಎಲ್ಲಿದೆ? ಎಲ್ಲಿಯೂ ಇಲ್ಲ. ಪರೀಕ್ಷೆಯೇ ಕೇಳದ ವಿದ್ಯೆಗಾಗಿ ಹುಡುಗನು ಪ್ರಾಣವನ್ನು ಪಣಕ್ಕೊಡ್ಡುತ್ತಿದ್ದಾನೆ. ಮುತ್ತತ್ತಿಯಲ್ಲಿ ಹೊಳೆಯ ಮೇಲ್ಮೈ ಶಾಂತವಾಗಿ ಕಾಣುವುದು. ಆದರೆ ಒಳಗೆ ಬಂಡೆಗಳ ನಡುವೆ ಆಳವಾದ ಮಡುಗಳೂ ಸುಳಿಗಳೂ ಇವೆ; ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ; ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಮೊಣಕಾಲುದ್ದದ ನೀರು ನೋಡುನೋಡುತ್ತಿರುವಂತೆ ಏರುವುದು. ಅಲ್ಲಿ ನೀರಿಗಿಳಿದು ಹಿಂದಿರುಗದ ಪ್ರವಾಸಿಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಲೇ ಇದ್ದೇವೆ. ಅವರಲ್ಲಿ ಹಲವರು ಮುಳುಗುತ್ತಿದ್ದ ಗೆಳೆಯನ ಕೈಹಿಡಿಯಲು ಹೋದವರು. ಓಡಿ ದಣಿದ ಕಾಲು ನೀರಿನಲ್ಲಿ ಸೆಡೆತುಕೊಂಡರೆ ಬಲ್ಲ ಈಜುಗಾರನಿಗೂ ಆಸರೆಯಿಲ್ಲ. ಇದಲ್ಲದೆ ಸುತ್ತಣ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಆನೆಗಳು ಸಂಚರಿಸುವ ದಾರಿ. ನಸುಕಿನಲ್ಲಿ ಆ ರಸ್ತೆಯಲ್ಲಿ ಓಡುವುದು ಧೈರ್ಯವಲ್ಲ, ಅವಿವೇಕ. ಸ್ವಾಮಿಯ ದರ್ಶನಕ್ಕೆ ಹಗಲಿನಲ್ಲಿ ಮನೆಮಂದಿಯೆಲ್ಲ ಹೋಗಿ ಬರಲಿ. ಮುತ್ತನ್ನು ಎತ್ತುವ ಕೆಲಸವನ್ನು ಆಂಜನೇಯನಿಗೇ ಬಿಡಲಿ.

ಹಾಗಾದರೆ ಉಸಿರು ಬಲಿಯುವುದು ಹೇಗೆ? ಓಟದಿಂದಲೇ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಐದೂವರೆ ನಿಮಿಷಕ್ಕೆ 330 ಸೆಕೆಂಡು. ನಾನೂರು ಮೀಟರಿನ ಬಯಲಿನಲ್ಲಿ ನಾಲ್ಕು ಸುತ್ತು. ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು ಬಿದ್ದಿತು. ಊರ ಶಾಲೆಯ ಬಯಲು ಇನ್ನೂರು ಮೀಟರಿನದಾದರೆ ಎಂಟು ಸುತ್ತು, ಸುತ್ತಿಗೆ ನಲವತ್ತೊಂದು ಸೆಕೆಂಡು. ಹುಡುಗರು ಸೋಲುವುದು ಸಾಮಾನ್ಯವಾಗಿ ಮೊದಲನೆಯ ಸುತ್ತಿನಲ್ಲಿ. ಗುಂಪಿನ ನೂಕುನುಗ್ಗಲಿನಲ್ಲಿ ಆವೇಶಗೊಂಡು ಎಪ್ಪತ್ತು ಸೆಕೆಂಡಿಗೆ ಅದನ್ನು ಮುಗಿಸಿ, ಮೂರನೆಯ ಸುತ್ತಿಗೆ ಕಾಲು ಸೀಸವಾಗಿ ನಿಲ್ಲುತ್ತಾರೆ. ಎಲ್ಲ ಸುತ್ತುಗಳನ್ನೂ ಒಂದೇ ಹದದಲ್ಲಿ ಓಡುವ ಅಭ್ಯಾಸವೇ ಅರ್ಧ ಜಯ.

ಇದಕ್ಕೆ ಕನಿಷ್ಠ ಮೂರು ತಿಂಗಳು ಬೇಕು; ನಾಲ್ಕಾದರೆ ಇನ್ನೂ ಒಳ್ಳೆಯದು. ಮೊದಲ ಮೂರು ನಾಲ್ಕು ವಾರ ದಿನ ಬಿಟ್ಟು ದಿನ ಅರ್ಧ ಗಂಟೆ, ಪಕ್ಕದವನೊಡನೆ ಮಾತನಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ಓಡಲಿ. ಆಮೇಲೆ ವಾರಕ್ಕೊಮ್ಮೆ ನಾನೂರು ಮೀಟರನ್ನು ನಾಲ್ಕು ಸಲ, ಮೊದಮೊದಲು ತೊಂಬತ್ತು ಸೆಕೆಂಡಿನಂತೆ, ನಡುವೆ ಎರಡು ಮೂರು ನಿಮಿಷ ನಡೆದಾಡಿ ಓಡಬೇಕು. ಮೈ ಒಗ್ಗಿದಂತೆಲ್ಲ ಸಂಖ್ಯೆಯನ್ನು ಆರಕ್ಕೇರಿಸಿ, ಕಾಲವನ್ನು ಎಂಬತ್ತೆರಡಕ್ಕೆ ಇಳಿಸುತ್ತ ಬರಬೇಕು. ಪೂರ್ತಿ ಮೈಲಿಯನ್ನು ಗಡಿಯಾರ ಹಿಡಿದು ಓಡುವುದು ಹದಿನೈದು ದಿನಕ್ಕೊಮ್ಮೆ ಸಾಕು. ವಾರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ. ಒಂದು ವಾರಕ್ಕಿಂತ ಮುಂದಿನ ವಾರದ ದೂರವು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚದಿರಲಿ. ಮೊಣಕಾಲಿನ ಕೆಳಗಣ ಮುಂಗಾಲೆಲುಬು ಒಂದೇ ಜಾಗದಲ್ಲಿ ಮುಟ್ಟಿದರೆ ನೋಯುವಂತಾದರೆ ಅದು ಎಲುಬು ಬಿರಿಯುವ ಸೂಚನೆಯಾಗಿರಬಹುದು. ಓಟ ನಿಲ್ಲಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. "ಹುರಿ ಎಳೆದರೆ ಹೋಗುತ್ತದೆ" ಎಂದು ಹೇಳುವ ನೆರೆಯವರ ಮಾತಿಗೆ ಕಿವಿಗೊಡಬೇಡಿರಿ. ಹೊಳೆಯ ಮರಳಿನಲ್ಲಿ ಓಡುವುದೂ ಮೀನಖಂಡಕ್ಕೆ ಅತಿಭಾರ. ಪರೀಕ್ಷೆ ನಡೆಯುವುದು ಮರಳಿನಲ್ಲಲ್ಲ.

ಕಂಬಿಯ ವಿಚಾರದಲ್ಲಿ ನಮ್ಮ ಗರಡಿಮನೆಗಳೇ ಗುರುಗಳು. ದಂಡೆ, ಬಸ್ಕಿ, ಮಲ್ಲಕಂಬಗಳಿಂದ ತೋಳು, ಬೆನ್ನು, ತೊಡೆಗಳಿಗೆ ಬರುವ ಬಲವನ್ನು ಹೊಸ ಯಂತ್ರಗಳು ಮೀರಿಸಲಾರವು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು (1897–1980) ದೇಹವನ್ನು ಸಾಧನೆಯಿಂದ ತಿದ್ದಬಹುದೆಂದು ತಮ್ಮ ಮೈಯಲ್ಲಿಯೇ ತೋರಿಸಿದರು. "ಶಾಂತಲಾ" ಕಾದಂಬರಿಯನ್ನು ಬರೆದವರೂ ಅವರೇ. ಗರಡಿಗೂ ಪುಸ್ತಕಕ್ಕೂ ವೈರವಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಒಂದು ಸಲವೂ ಮೈಯೆತ್ತಲಾರದ ಹುಡುಗನು ನಿರಾಶನಾಗಬೇಕಾಗಿಲ್ಲ. ಮೊದಲು ಗಟ್ಟಿಯಾದ ಕಂಬಿಗೆ ಜೋತುಬಿದ್ದು ಅರ್ಧ ನಿಮಿಷ ನಿಲ್ಲಲಿ. ಬಳಿಕ ಮಣೆಯ ಮೇಲೆ ಹತ್ತಿ ಗದ್ದವನ್ನು ಕಂಬಿಯ ಮೇಲಿಟ್ಟು, ಐದೆಣಿಕೆಯಷ್ಟು ಕಾಲ ಹಿಡಿದು ಮೆಲ್ಲನೆ ಇಳಿಯಲಿ. ಇಳಿಯುವುದನ್ನು ಕಲಿತ ತೋಳು ಏರುವುದನ್ನೂ ಕಲಿಯುವುದು. ಹಳ್ಳ ಹಾರುವುದನ್ನು ಮೊದಲು ಮೆತ್ತನೆಯ ಮಣ್ಣಿನ ಮೇಲೆ ಗೆರೆ ಎಳೆದು ಕಲಿಯಬೇಕು. ತೊಲೆಯ ನಡಿಗೆಗೆ ನೆಲದ ಮೇಲಿಟ್ಟ ಒಂದು ಮರದ ತುಂಡು ಸಾಕು.

ಇನ್ನು ಬಿಸಿಲಿನ ಮಾತು. 2024ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಜಾರ್ಖಂಡದ ಅಬಕಾರಿ ಪೇದೆಗಳ ನೇಮಕದ ಓಟದಲ್ಲಿ ಹತ್ತಕ್ಕೂ ಹೆಚ್ಚು ತರುಣರು ಪ್ರಾಣಬಿಟ್ಟರು. ಅಲ್ಲಿ ಗಂಡಸರು ಒಂದು ಗಂಟೆಯಲ್ಲಿ ಓಡಬೇಕಾಗಿದ್ದುದು 10 ಕಿಲೋಮೀಟರ್. ಕಾರಣಗಳ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿದ್ದುವಾದರೂ, ಸೆಕೆಯಲ್ಲಿ ಮೈಯನ್ನು ಮಿತಿಮೀರಿ ದುಡಿಸುವುದು ಕೊಲ್ಲಬಲ್ಲುದೆಂಬುದರಲ್ಲಿ ಸಂದೇಹವಿಲ್ಲ. ಓಡುತ್ತಿದ್ದವನು ತಡವರಿಸಿ, ಅಸಂಬದ್ಧವಾಗಿ ಮಾತನಾಡಿ ಕುಸಿದರೆ ಅದನ್ನು ಬರಿಯ ದಣಿವೆಂದು ತಿಳಿಯಬಾರದು. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ತಣ್ಣೀರನ್ನು ಮೈಮೇಲೆ ಸುರಿದು, ಬೀಸಣಿಗೆಯಿಂದ ಬೀಸುತ್ತ ಆಸ್ಪತ್ರೆಯ ವಾಹನವನ್ನು ಕರೆಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಕೂಡದು. ಓಡಲು ಶಕ್ತಿ ಬರುವುದೆಂದು ಗೆಳೆಯರು ಗುಟ್ಟಾಗಿ ಕೊಡುವ ಮಾತ್ರೆ, ಸೂಜಿಮದ್ದುಗಳು ಈ ಅಪಾಯವನ್ನು ಇಮ್ಮಡಿಸುವುವು. ಅಂಥವು ಹುಡುಗನ ಜೇಬಿನಲ್ಲಿ ಕಂಡರೆ ಸುಮ್ಮನಿರಬೇಡಿರಿ. ಜ್ವರ ಬಂದು ಹೋದ ವಾರದಲ್ಲಿ ವೇಗದ ಓಟ ಸರ್ವಥಾ ಬೇಡ.

ಆಹಾರಕ್ಕಾಗಿ ಪೇಟೆಯ ಡಬ್ಬದ ಪುಡಿಗಳನ್ನು ತರಬೇಕಾಗಿಲ್ಲ. ಮಂಡ್ಯದ ಅಡಿಗೆಮನೆಯೇ ಸಾಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದು. ಎಲುಬಿಗೆ ಅದೇ ಆಧಾರ. ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮೇಲ್ಪಟ್ಟು ಪ್ರೋಟೀನು. ಮುದ್ದೆ, ಮೊಳಕೆ ಹುರುಳಿಯ ಸಾರು, ಸೊಪ್ಪಿನ ಬಸ್ಸಾರು, ಮೇಲೆ ಒಂದಿಷ್ಟು ನಿಂಬೆರಸ, ತಿನ್ನುವವರಾದರೆ ಮೊಟ್ಟೆ. ನಿಂಬೆಯ ಹುಳಿಯಿಂದ ಸೊಪ್ಪಿನೊಳಗಿನ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುವುದು. ಮುದ್ದೆಯುಂಡು ಮೂರು ಗಂಟೆ ಕಳೆಯದೆ ಓಡಬಾರದು. ಬೆಳಗಿನ ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು, ಓಡಿ ಬಂದ ಮೇಲೆ ಉಪ್ಪು ಬೆರಸಿದ ಮಜ್ಜಿಗೆ ಅಥವಾ ಮದ್ದೂರಿನ ಎಳನೀರು. ಎಂಟು ಗಂಟೆಯ ನಿದ್ರೆ ಇವೆಲ್ಲಕ್ಕಿಂತ ದೊಡ್ಡ ಔಷಧ. ರಾತ್ರಿ ಹನ್ನೆರಡರವರೆಗೆ ಫೋನು ನೋಡುವವನು ನಾಲ್ಕು ಗಂಟೆಗೆ ಎದ್ದು ಓಡಿದರೆ ಮೈ ಸವೆಯುವುದೇ ಹೊರತು ಬಲಿಯುವುದಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದುದನ್ನು ಜನರು ಕೊನೆಗೆ ಮಾಡುವರು. ಅಭ್ಯಾಸಕ್ಕೆ ತೊಡಗುವ ಮುಂಚೆಯೇ ಹುಡುಗನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಎದೆ, ರಕ್ತ, ಕಣ್ಣು, ಕಿವಿ, ಹಲ್ಲುಗಳನ್ನು ತೋರಿಸಿರಿ. ಚಪ್ಪಟೆ ಪಾದ, ಒಂದಕ್ಕೊಂದು ತಗಲುವ ಮೊಣಕಾಲು, ಹುಳುಕು ಹಲ್ಲು ಮೊದಲಾದುವುಗಳಿಂದ ಓಟದಲ್ಲಿ ಗೆದ್ದವರೂ ಹಿಂದಿರುಗಿ ಬರುವುದುಂಟು. ಕರ್ನಾಟಕದವರಿಗೆ ಸಾಮಾನ್ಯ ಸಿಪಾಯಿಯ ಹುದ್ದೆಗೆ 166 ಸೆಂಟಿಮೀಟರ್ ಎತ್ತರ ಬೇಕೆಂದಿದೆ. ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆಯಲು ಒಂದು ಗಳಿಗೆ ಸಾಕು. ಅಳೆಯದೆ ವರ್ಷವೆಲ್ಲ ಓಡಿದವನ ದುಃಖವು ದೊಡ್ಡದು. ಹಲ್ಲನ್ನು ಮೊದಲೇ ಸರಿಪಡಿಸಬಹುದು. ತೋಳಿನ ಹಚ್ಚೆಯನ್ನು ಅಳಿಸುವುದು ಕಷ್ಟವಾದುದರಿಂದ ಅದನ್ನು ಹಾಕಿಸಿಕೊಳ್ಳದಂತೆ ಎಚ್ಚರಿಸಬಹುದು.

ಹೆಣ್ಣುಮಕ್ಕಳನ್ನು ಮರೆತು ಬರೆದೆವೆಂದು ವಾಚಕಿಯರು ಮುನಿಯಬಾರದು. ಸೈನ್ಯದ ಪೊಲೀಸ್ ದಳಕ್ಕೆ ಸೇರಿದ ಮೊದಲ ತಂಡದ 83 ಮಂದಿ ಮಹಿಳೆಯರು ಬೆಂಗಳೂರಿನಲ್ಲಿಯೇ ಶಿಕ್ಷಣ ಮುಗಿಸಿ 2021ರ ಮೇ 8ರಂದು ಹೊರಬಂದರು. ಅವರಿಗೆ ಅದೇ ಮೈಲಿಯ ಓಟಕ್ಕೆ ಏಳೂವರೆ ನಿಮಿಷ, ಹೆಚ್ಚೆಂದರೆ ಎಂಟು ನಿಮಿಷ; ಹತ್ತು ಅಡಿ ಉದ್ದ ಜಿಗಿತ, ಮೂರು ಅಡಿ ಎತ್ತರ ಜಿಗಿತ. ಮೇಲೆ ಹೇಳಿದ ಕ್ರಮವು ಅವರಿಗೂ ಸಲ್ಲುವುದು. ತಿಂಗಳು ತಿಂಗಳು ರಕ್ತ ಹೋಗುವುದರಿಂದ ಕಬ್ಬಿಣದ ಅಂಶವನ್ನು ಅವರು ಇನ್ನೂ ಎಚ್ಚರದಿಂದ ನೋಡಿಕೊಳ್ಳಬೇಕು.

ಕಡೆಯದಾಗಿ ತಂದೆಗೆ ಎರಡು ಮಾತು. "ದುಡ್ಡು ಕೊಟ್ಟರೆ ಸೇರಿಸುವೆ" ಎಂದು ಬರುವ ಮಧ್ಯವರ್ತಿಯನ್ನು ಜಗುಲಿಯಿಂದಲೇ ಕಳುಹಿಸಿರಿ. ಮೈಲಿಯನ್ನು ಹಣವು ಓಡುವುದಿಲ್ಲ. ಎರಡನೆಯದಾಗಿ, 2022ರ ಯೋಜನೆಯಂತೆ ಸೇವೆ ನಾಲ್ಕು ವರ್ಷದ್ದು. ಆಮೇಲೆ ಉಳಿಸಿಕೊಳ್ಳುವುದು ನೂರರಲ್ಲಿ ಇಪ್ಪತ್ತೈದರವರೆಗೆ ಮಾತ್ರ. ಗೆದ್ದರೂ ಸೋತರೂ ಹುಡುಗನಿಗೆ ಇನ್ನೊಂದು ವಿದ್ಯೆ ಕೈಯಲ್ಲಿರಬೇಕು. ಆಯ್ಕೆಯಾಗದೆ ಹಿಂದಿರುಗಿದ ದಿನ ಊರವರ ಮುಂದೆ ಅವನನ್ನು ಹಳಿಯಬೇಡಿರಿ. ಆ ರಾತ್ರಿ ಅವನು ಹೊಳೆಯ ಕಡೆಗೆ ಹೋಗದೆ ಮನೆಯ ಕಡೆಗೆ ಬರುವಂತಿರಬೇಕು.

ತುತ್ತು ಮುಟ್ಟದೆ ಕಾಯುವ ತಾಯಿಗೂ ಒಂದು ಕೆಲಸವನ್ನು ಸೂಚಿಸುವೆವು. ಪಂಚಾಂಗ ತೂಗುಹಾಕಿದ ಮೊಳೆಗೆ ಒಂದು ಸಣ್ಣ ಪುಸ್ತಕವನ್ನೂ ತೂಗುಹಾಕಿರಿ. ಮಗನು ಎಲ್ಲಿ ಓಡಿದನು, ಎಷ್ಟು ಹೊತ್ತು ಓಡಿದನು, ಎಲ್ಲಿ ನೋವಿದೆ, ಎಷ್ಟು ಗಂಟೆ ಮಲಗಿದನು ಎಂಬುದನ್ನು ದಿನವೂ ಅವನಿಂದ ಕೇಳಿ ನೀವೇ ಬರೆಯಿರಿ. ಮೂರು ತಿಂಗಳಲ್ಲಿ ಏಳು ನಿಮಿಷವು ಆರಾಗಿ, ಆರು ಐದೂಮುಕ್ಕಾಲಾಗುವುದನ್ನು ಕಾಣುವಿರಿ. ಭಾನುವಾರದ ಸಾಲಿನಲ್ಲಿ "ವಿಶ್ರಾಂತಿ" ಎಂದು ಬರೆದು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟಮಾಡಿರಿ.