ಶಾಲೆಯ ಸುದ್ದಿ ಫೋನಿನಲ್ಲೇ ಉಳಿಯದಿರಲಿ



ಅನೇಕ ಪ್ರಾಥಮಿಕ ಶಾಲೆಗಳು ಪೋಷಕರ ಸಭೆಯ ಸೂಚನೆಯನ್ನು ವಾಟ್ಸ್‌ಆ್ಯಪ್ ಗುಂಪಿಗಷ್ಟೇ ಹಾಕಿ ಸುಮ್ಮನಾಗುತ್ತಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆದರೆ ಮನೆಗಿರುವ ಒಂದೇ ಸ್ಮಾರ್ಟ್‌ಫೋನ್ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋದರೆ ತಾಯಿಗೆ ಸುದ್ದಿ ಮುಟ್ಟುವುದು ಹೇಗೆ? ಶಿಕ್ಷಕರಿಗೆ ದಾಖಲೆಗಳ ಹೊರೆಯೇ ಸಾಕಾಗಿದೆ, ಮನೆಮನೆಗೆ ಚೀಟಿ ಬರೆದು ಕಳಿಸುವ ಕೆಲಸವೂ ಏಕೆ ಎಂಬ ಆಕ್ಷೇಪ ನ್ಯಾಯವೇ. ಆದರೆ ಕೊನೆಯ ಪಿರಿಯಡ್‌ನಲ್ಲಿ ಕರಿಹಲಗೆಯ ಮೇಲೆ ಎರಡು ಸಾಲು ಬರೆದರೆ ನಾಲ್ಕನೇ ತರಗತಿಯ ಮಗು ತಾನೇ ಬರೆದುಕೊಂಡು ಮನೆಯಲ್ಲಿ ಓದಿ ಹೇಳುತ್ತದೆ. ಅಕ್ಷರ ಬಾರದ ತಾಯಿಗೂ ವಿಷಯ ತಿಳಿಯುತ್ತದೆ. ಚೀಟಿ ಬೇಕಾಗುವುದು ಚಿಕ್ಕ ತರಗತಿಗಳಿಗೆ ಮಾತ್ರ. ಗುಂಪೇ ಬೇಡವೆಂದಲ್ಲ, ಮಳೆಗೆ ದಿಢೀರನೆ ರಜೆ ಕೊಟ್ಟಾಗ ಅದೇ ಬೇಗದ ದಾರಿ. ವಾರ ಮೊದಲೇ ಗೊತ್ತಿರುವ ಸಭೆಗೆ ಮಾತ್ರ ನೋಟ್‌ಬುಕ್ಕಿನ ಆ ಎರಡು ಸಾಲು ತಪ್ಪಬಾರದು.

– ಒಬ್ಬ ಓದುಗ