ಹಳ್ಳಕ್ಕೆ ಹೋದ ಗೊಬ್ಬರ

ಮಕ್ಕಳೇ, ನಮ್ಮ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಚಾರ್ಮಾಡಿ ಘಾಟಿ ಇಳಿಯುವವರು ಕಡಿಮೆ. ದೋಸೆಗೆ ಅಕ್ಕಿ ತೊಳೆದ ನೀರನ್ನು ನಮ್ಮ ಅಜ್ಜಿ ಎಂದೂ ಚೆಲ್ಲುತ್ತಿರಲಿಲ್ಲ. ಕಲಗಚ್ಚಿನ ಬಾನಿಗೆ ಸುರಿದು ದನಕ್ಕೆ ಕೊಡುತ್ತಿದ್ದರು.

ಅದೇ ಮನೆಯ ಹುಡುಗನಾದ ನಾನು ಮಾತ್ರ ನಮ್ಮ ಸಣ್ಣ ತೋಟದ ಪಲ್ಪರ್ ನೀರನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆದ ನೀರನ್ನು, ವರ್ಷಗಟ್ಟಲೆ ಹಳ್ಳಕ್ಕೆ ಬಿಟ್ಟೆ. ಒಂದು ಕೊಯ್ಲಿನಲ್ಲಿ ಹಳ್ಳದ ಮೀನುಗಳೆಲ್ಲ ಸತ್ತು ತೇಲಿದವು.

ಬಿ.ಇ. ಕೊನೆಯ ವರ್ಷದಲ್ಲಿರುವ ಮೊಮ್ಮಗಳು ರಜೆಗೆ ಬಂದಾಗ ಈ ಕಥೆ ಹೇಳಿದೆ. "ಅಜ್ಜಾ, ಅವು ಉಸಿರು ಕಟ್ಟಿ ಸತ್ತಿರಬೇಕು" ಎಂದಳು. ಆ ನೀರಿನ ಸಕ್ಕರೆ ಅಂಶವನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸುತ್ತವಂತೆ. ಜೊತೆಗೆ ಹೋಗುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರವಾಗುತ್ತವೆ.

ನಾನು ಬ್ಯಾಂಕಿನಲ್ಲಿ ಲೆಜರ್ ಬರೆದವನು. ಅಂಗಡಿಯಿಂದ ದುಡ್ಡು ಕೊಟ್ಟು ತಂದ ಗೊಬ್ಬರದಲ್ಲಿರುವುದೂ ಅದೇ ಸಾರಜನಕ, ಅದೇ ರಂಜಕ! ಎರಡೂ ಖರ್ಚಿನ ಕಡೆಯೇ, ಜಮೆ ಸೊನ್ನೆ.

ಅವಳ ಪ್ರಾಜೆಕ್ಟ್ ಕೊಳೆನೀರಿನಿಂದ ಗೊಬ್ಬರ ವಾಪಸು ಪಡೆಯುವುದು. ನಗಬೇಡಿ, ಅವಳು ಆರಿಸಿಕೊಂಡಿರುವುದು ಮೂತ್ರ. ಹಳತಾದ ಮೂತ್ರಕ್ಕೆ ಮೆಗ್ನೀಸಿಯಂ ಲವಣ ಹಾಕಿ ಕಲಕಿದರೆ ಅಮೋನಿಯ, ರಂಜಕ, ಮೆಗ್ನೀಸಿಯಂ ಮೂರೂ ಕೂಡಿ ಬಿಳಿ ಹರಳಾಗಿ ತಳಕ್ಕಿಳಿಯುತ್ತವೆ. ಅದರ ಹೆಸರು ಸ್ಟ್ರುವೈಟ್. ರಂಜಕದ ಬಹುಪಾಲು ಸಿಗುತ್ತದೆ, ಸಾರಜನಕ ಸ್ವಲ್ಪವೇ. ಹರಳು ನಿಧಾನವಾಗಿ ಕರಗುವುದರಿಂದ ನಮ್ಮ ಮಳೆಗೆ ಒಂದೇ ಸಲ ಕೊಚ್ಚಿಹೋಗುವುದಿಲ್ಲ. 1669ರಲ್ಲಿ ಜರ್ಮನಿಯ ಹೆನ್ನಿಗ್ ಬ್ರಾಂಡ್ ಮೊದಲು ರಂಜಕ ಕಂಡದ್ದೂ ಮೂತ್ರದಲ್ಲೇ. ಆತ ಹುಡುಕಿದ್ದು ಚಿನ್ನ! ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಧನಸಹಾಯ ಕೊಡುತ್ತದೆ. ಕಾಲೇಜು ಸೇರಿದಾಗ ನೆನಪಿರಲಿ.

"ಹಾಗಾದರೆ ಪಲ್ಪರ್ ನೀರಿಗೂ ಇದನ್ನೇ ಮಾಡೋಣ" ಎಂದೆ. "ಅದರ ಕಾಯಿಲೆ ಬೇರೆ, ಮದ್ದೂ ಬೇರೆ" ಎಂದಳು. ಮೊದಲು ಸುಣ್ಣ ಹಾಕಿ ಹುಳಿ ಮುರಿಯಬೇಕು, ಆಮೇಲೆ ಹೊಂಡದಲ್ಲಿ ನಿಲ್ಲಿಸಿ ಸೂಕ್ಷ್ಮಜೀವಿಗಳಿಗೆ ಅಲ್ಲೇ ಉಣ್ಣಲು ಬಿಡಬೇಕು. ತಿಳಿಯಾದ ನೀರು ತೋಟಕ್ಕೇ ಆಯಿತು.

ನಮ್ಮೂರಿಗೆ ಹತ್ತಿರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರು ದಾಟಿ ಕಾವೇರಿ ಸೇರುತ್ತಾಳೆ. ಮೇಲಿರುವವರು ಚೆಲ್ಲಿದ್ದನ್ನು ಕೆಳಗಿನವರು ಕುಡಿಯಬೇಕು.

ಈ ಕೊಯ್ಲಿನಲ್ಲಿ ನಮ್ಮ ನೀರು ಹಳ್ಳಕ್ಕೆ ಇಳಿಯಲಿಲ್ಲ. ಮೀನು ಬಂದಿವೆಯೇ ಎಂದು ದಿನಾ ಹೋಗಿ ಇಣುಕುತ್ತೇನೆ. ನಿಮ್ಮ ಮನೆಯ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ? ಅಜ್ಜ–ಅಜ್ಜಿಯ ಕೈ ಹಿಡಿದು ಒಮ್ಮೆ ಅದರ ಹಿಂದೆಯೇ ನಡೆದು ನೋಡಿ.