ಕಲ್ಲಿಗೆ ವಾರಸುದಾರರಿಲ್ಲವೆ?

‘ತಲೆಗೆ ಬಂದದ್ದು ರುಮಾಲಿಗೆ ಹೋಯಿತು’ ಎಂಬ ಗಾದೆ ಕಟ್ಟಿದವನು ಯಾರೋ ಕಾಣೆ. ರುಮಾಲಿನ ದುಡ್ಡು ಕೊಟ್ಟವನಂತೂ ಅವನಲ್ಲ. ಮುಂದೆ ಹೋಗುವ ಟಿಪ್ಪರಿನಿಂದ ಜಲ್ಲಿಯ ಚೂರೊಂದು ಹಾರಿ ಬಂದು ಕಾರಿನ ಮುಂಗಾಜು ಬಿರಿಯಿತು ಅನ್ನಿ. ನೋಡಿದವರೆಲ್ಲ ಈ ಗಾದೆಯನ್ನೇ ಹೇಳುತ್ತಾರೆ. “ಸದ್ಯ, ಕಣ್ಣಿಗೆ ಬೀಳಲಿಲ್ಲವಲ್ಲ, ದೇವರು ದೊಡ್ಡವನು” ಎನ್ನುತ್ತಾರೆ. ದೇವರು ದೊಡ್ಡವನೇ, ನನ್ನದೇನೂ ತಕರಾರಿಲ್ಲ. ಆದರೆ ಗಾಜಿನ ಬಿಲ್ಲನ್ನು ದೇವರ ಹೆಸರಿಗೆ ಬರೆಯುವ ಗ್ಯಾರೇಜನ್ನು ನಾನಿನ್ನೂ ಕಂಡಿಲ್ಲ. ಬಿಲ್ಲು ಬರುವುದು ಪೆಟ್ಟು ತಿಂದವರ ಹೆಸರಿಗೆ.

ನಾನಿರುವುದು ಬಸವೇಶ್ವರನಗರದಲ್ಲಿ. ‘ಕಾವ್ಯಾನಂದ’ರೆಂದು ಹೆಸರಾದ ಸಿದ್ದಯ್ಯ ಪುರಾಣಿಕರ ಹೆಸರಿನ ರಸ್ತೆ ನಮ್ಮದು. (ಮಳೆಗಾಲ ಮುಗಿದ ಮೇಲೆ ಅದರಲ್ಲಿ ಕಾವ್ಯವನ್ನಾಗಲಿ ಆನಂದವನ್ನಾಗಲಿ ಹುಡುಕಬೇಡಿ.) ಅಲ್ಲಿಂದ ಮಾಗಡಿ ರಸ್ತೆಗೆ ಹೊರಳಿದರೆ ಟಿಪ್ಪರುಗಳು ಸಿಗುತ್ತವೆ. ಬೆಂಗಳೂರು ಮೇಲೇಳುತ್ತಿರುವುದು ಇವುಗಳ ಬೆನ್ನ ಮೇಲೆ. ಜಲ್ಲಿ, ಎಂ ಸ್ಯಾಂಡ್ ಬೇಡವೆನ್ನುವಷ್ಟು ತಿಳಿಗೇಡಿ ನಾನಲ್ಲ. ನಾನು ಕೇಳುವುದು ಟಾರ್ಪಾಲನ್ನು. ಕೆಲವು ಗಾಡಿಗಳಲ್ಲಿ ಅದು ಇರುತ್ತದೆ, ಮಡಿಸಿ ಕ್ಯಾಬಿನ್ನಿನ ಮೇಲೆ ಇಟ್ಟಿರುತ್ತಾರೆ, ಮದುವೆಗೆ ಕೊಟ್ಟ ರೇಷ್ಮೆ ಸೀರೆಯ ಹಾಗೆ! ಜಲ್ಲಿಯೋ ಅಂಚು ಮೀರಿ ಗೋಪುರದಂತೆ ನಿಂತಿರುತ್ತದೆ. ಪ್ರತಿ ಹಂಪಿಗೂ ನಾಲ್ಕು ಕಲ್ಲು ಕೆಳಗೆ. ಹಿಂದಿನ ಜೋಡಿ ಚಕ್ರಗಳ ನಡುವೆ ಸಿಕ್ಕಿಕೊಂಡ ಕಲ್ಲು ವೇಗ ಹೆಚ್ಚಿದಾಗ ಕವಣೆಯಿಂದ ಬಿಟ್ಟ ಹಾಗೆ ಹಾರುತ್ತದೆ. ಅದರ ವೇಗಕ್ಕೆ ಎದುರು ಬರುವ ನಮ್ಮ ವೇಗವೂ ಸೇರುತ್ತದೆ.

ನನ್ನ ಕಾರಿಗೂ ಹೀಗೇ ಆಯಿತು. ಮೊದಲು ಕಡಲೆಕಾಳಿನಷ್ಟು ಗುರುತು, ಸಂಜೆಯೊಳಗೆ ಈ ಅಂಚಿನಿಂದ ಆ ಅಂಚಿಗೆ ಗೆರೆ. ಮುಂಗಾಜೆಂದರೆ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ಹಾಳೆ ಇಟ್ಟು ಬೆಸೆದದ್ದು. ಅದಕ್ಕೇ ಪುಡಿಪುಡಿಯಾಗಿ ಮೈಮೇಲೆ ಸುರಿಯುವುದಿಲ್ಲ. ಆದರೆ ಬಿರುಕು ಅಷ್ಟುದ್ದ ಹರಿದ ಮೇಲೆ ಇಡೀ ಗಾಜನ್ನೇ ಬದಲಿಸಬೇಕು. ದೂರು ಕೊಡಲು ಹೋದೆ. ಮೇಜಿನ ಹಿಂದಿದ್ದವರು ಸಭ್ಯರೇ, ಕುರ್ಚಿ ಕೊಟ್ಟರು. “ಗಾಡಿ ನಂಬರು ಹೇಳಿ ಮೇಡಂ” ಅಂದರು. ಹಿಂದಿನ ನಂಬರ್ ಪ್ಲೇಟಿನ ತುಂಬ ಕೆಸರಿತ್ತು ಅಂದೆ. “ಹಾಗಾದರೆ ಕಲ್ಲಿನ ಮೇಲೆ ಕೇಸು ಹಾಕೋಕಾಗುತ್ತಾ?” ಎಂದು ನಕ್ಕರು.

ಆ ನಗು ನನ್ನ ಮನಸ್ಸಿನಲ್ಲಿ ಉಳಿಯಿತು. ಯಾಕೆಂದರೆ ಆ ಕಲ್ಲು ಅನಾಥವಲ್ಲ. ಕ್ರಷರಿನಿಂದ ಹೊರಬೀಳುವ ಪ್ರತಿ ಲೋಡಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ಬೇಕು. ಅದರಲ್ಲಿ ಲಾರಿಯ ನಂಬರಿರುತ್ತದೆ, ಎಷ್ಟು ಟನ್ನು, ಎಲ್ಲಿಗೆ, ಯಾವಾಗ ಎಂಬುದಿರುತ್ತದೆ. ಸರ್ಕಾರ ಅದರ ಮೇಲೆ ರಾಜಧನ ಎಣಿಸಿಕೊಳ್ಳುತ್ತದೆ. ಅಂದರೆ ಹಣ ಬರುವಾಗ ಕಲ್ಲಿಗೆ ಅಪ್ಪ, ಅಮ್ಮ, ಊರು, ಜನ್ಮಪತ್ರಿಕೆ ಎಲ್ಲ ಉಂಟು. ನನ್ನ ಗಾಜಿಗೆ ಬಿದ್ದ ಕ್ಷಣಕ್ಕೆ ಮಾತ್ರ ಅದು ವಾರಸುದಾರರಿಲ್ಲದ ಕಲ್ಲಾಗಿಬಿಡುತ್ತದೆ.

ಕಾನೂನೇನೂ ಮೂಕವಲ್ಲ. ಜನರಿಗೆ ಅಪಾಯವಾಗುವಂತೆ ಗಾಡಿ ತುಂಬಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. 1988ರ ಮೋಟಾರು ವಾಹನ ಕಾಯಿದೆಯಂತೆ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆ ಟಿಪ್ಪರಿನ ಮಟ್ಟಿಗೆ ನಾನೇ ಥರ್ಡ್ ಪಾರ್ಟಿ. ಆಸ್ತಿ ನಷ್ಟಕ್ಕೂ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಆ ಮಂಡಳಿ. ಎಲ್ಲ ಸರಿ, ಆದರೆ ನಂಬರು ಬೇಕು. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ 2022ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಏರ್ಪಾಡಿದೆ. ಒಡೆದ ಗಾಜಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

“ಇನ್ಶೂರೆನ್ಸ್ ಇದೆಯಲ್ಲ” ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ, ಬಿ.ಎ. ಓದಿದ ನನ್ನಂಥವಳಿಗೂ ಬರುವ ಲೆಕ್ಕ. ಐದು ವರ್ಷ ಕ್ಲೇಮು ಮಾಡದಿದ್ದರೆ ನಮ್ಮ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಮ್ಮಿನಲ್ಲಿ ಶೇಕಡಾ 50 ರಿಯಾಯಿತಿ. ಒಂದು ಕ್ಲೇಮಿಗೆ ಅದು ಸೊನ್ನೆಗಿಳಿಯುವುದು ಸಾಮಾನ್ಯ ನಿಯಮ. ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ಆ ಪ್ರೀಮಿಯಂ ವರ್ಷಕ್ಕೆ 8,000 ಅನ್ನೋಣ, ದರ ಬದಲಾಗದು ಅನ್ನೋಣ. ಕಳೆದುಕೊಳ್ಳುವ ರಿಯಾಯಿತಿಗಳನ್ನು ಕೂಡಿಸಿದರೆ ಶೇಕಡಾ 125, ಅಂದರೆ 10,000 ರೂಪಾಯಿ! ಗಾಜಿನ ಖರ್ಚು 7,500 ಆದರೆ, ಸಣ್ಣ ಕಾರಿಗೆ ನಾವೇ ಭರಿಸಬೇಕಾದ 1,000 ಕಳೆದು ಕಂಪನಿ ಕೊಡುವುದು 6,500. ಜಾಣರು ಸುಮ್ಮನೆ ಕೈಯಿಂದ ಕೊಟ್ಟು ಬರುತ್ತಾರೆ. ರಿಯಾಯಿತಿ ಉಳಿಸಿಕೊಡುವ ಇನ್ನೊಂದು ಪಾಲಿಸಿ ಉಂಟಂತೆ, ಅದಕ್ಕೆ ಬೇರೆ ಹಣ. ತಪ್ಪು ಮಾಡದವರಿಗೆ ಕೊಡುವ ಬಹುಮಾನವನ್ನು ಇನ್ನೊಬ್ಬರ ತಪ್ಪಿಗಾಗಿ ಕಿತ್ತುಕೊಳ್ಳುವುದು ಯಾವ ನ್ಯಾಯ? ಅಮೆರಿಕದ ಫ್ಲಾರಿಡಾದಲ್ಲಿ, ಸ್ವಂತ ಗಾಡಿಯ ಹಾನಿಗೂ ವಿಮೆ ಮಾಡಿಸಿದವರಿಂದ ಮುಂಗಾಜಿನ ಕ್ಲೇಮಿಗೆ ಇಂಥ ಕಡಿತ ಮಾಡಬಾರದೆಂದು ಕಾನೂನೇ ಇದೆ.

ಕಾರಿನವರ ಗೋಳು ಹೊಟ್ಟೆ ತುಂಬಿದವರ ಗೋಳು ಎನ್ನಬಹುದು. ಆಗಲಿ, ನಮ್ಮ ಸ್ಟ್ಯಾಂಡಿನ ಆಟೋದವರನ್ನು ಕೇಳಿ. ಅವರಲ್ಲೊಬ್ಬರ ಗಾಜೂ ಹೀಗೇ ಹೋಯಿತು. ಇದ್ದದ್ದು ಕಡ್ಡಾಯದ ವಿಮೆ ಒಂದೇ. “ಥರ್ಡ್ ಪಾರ್ಟಿ ಅಂದ್ರೆ ಇನ್ನೊಬ್ಬರಿಗೆ ತಾನೇ ಮೇಡಂ? ನಾವೇ ಆ ಇನ್ನೊಬ್ಬರಾದಾಗ ಕೊಡೋರು ಯಾರೂ ಕಾಣಲ್ಲ” ಅಂದರು. ಗಾಜು ಹಾಕಿಸುವವರೆಗೆ ಬಾಡಿಗೆಯೂ ಇಲ್ಲ. ಇನ್ನು ಸ್ಕೂಟರಿನ ಹೆಣ್ಣುಮಕ್ಕಳಿಗೆ ಮುಂದೆ ಗಾಜೇ ಇಲ್ಲ. ಅವರ ಪಾಲಿಗೆ ತಲೆಗೆ ಬಂದದ್ದು ತಲೆಗೇ.

ಗುಂಡಿ ಮುಚ್ಚಿ ಉಳಿದ ಜಲ್ಲಿಯನ್ನು ಗುತ್ತಿಗೆದಾರರು ರಸ್ತೆಯಲ್ಲೇ ಬಿಟ್ಟುಹೋಗುವುದೂ ಇದೇ ಜಾತಿಯದು. ಕೆಟ್ಟ ರಸ್ತೆಯಿಂದ ನಷ್ಟವಾದವರು ಪರಿಹಾರ ಕೇಳಬಹುದು, ಅದನ್ನು ಜನರಿಗೆ ತಿಳಿಸಿ ಎಂದು ಕರ್ನಾಟಕ ಹೈಕೋರ್ಟು 2019ರಲ್ಲೇ ಬಿಬಿಎಂಪಿಗೆ ಹೇಳಿತ್ತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾದರೆ ಬಾಕಿಯೂ ತೀರಿತೆಂದು ಯಾರೂ ತಿಳಿಯಬಾರದು.

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬರು, “ಪಾಪ, ಡ್ರೈವರ್ ಬಡವ, ಅವನಿಂದ ಕೀಳುತ್ತೀರಾ?” ಎಂದರು. ಇಲ್ಲ. ಶಾಲೆಯ ಕಿಟಕಿಗೆ ಚೆಂಡು ಬಿದ್ದರೆ ಹೊಡೆದವರು ಯಾರೆಂದು ಕೇಳುತ್ತೇವೆ, ಕಿಟಕಿಯ ಪಕ್ಕ ಕೂತ ಹುಡುಗಿಯಿಂದ ದಂಡ ವಸೂಲು ಮಾಡುವುದಿಲ್ಲ. ಇಲ್ಲಿ ಚೆಂಡು ಹೊಡೆದವನು ಡ್ರೈವರ್ ಅಲ್ಲ. ಅಂಚು ಮೀರಿ ತುಂಬಿಸಿದ ಕ್ರಷರಿನ ಧಣಿ, ಹಾಗೇ ಹೊರಡು ಎಂದ ಲಾರಿಯ ಮಾಲೀಕ, ಇವರು. ಟಾರ್ಪಾಲು ಕಟ್ಟದೆ, ನಂಬರ್ ಪ್ಲೇಟು ಒರೆಸದೆ ಲೋಡು ಕ್ರಷರಿನ ಗೇಟು ದಾಟಬಾರದು. ಪರವಾನಗಿಯ ಚೀಟಿಯಲ್ಲಿ ಟನ್ನು ಬರೆಯುವ ಕೈಯೇ ಅದನ್ನೂ ಬರೆದು ಸಹಿ ಹಾಕಲಿ. ಆಮೇಲೆ ಕಲ್ಲು ಬಿದ್ದರೆ ಆ ಸಹಿ ಯಾರದೆಂದು ನೋಡಿ ಬಿಲ್ಲು ಕಳಿಸುತ್ತೇವೆ.